ಬಾಲ್ಕನಿಯ ಡಬ್ಬಿಯನ್ನು ನಂಬಬೇಕೋ, ಹೆಬ್ಬಾಳದ ಕೇಂದ್ರವನ್ನೋ?

ಪ್ರಶ್ನೆ: ಆರ್.ಟಿ. ನಗರದಲ್ಲಿ ನಮ್ಮದು ಎರಡನೇ ಮಹಡಿಯ ಮನೆ. ಮಗನಿಗೆ ವೀಸಿಂಗ್ ಇದೆಯೆಂದು ಗಾಳಿ ಅಳೆಯುವ ಸಣ್ಣದೊಂದು ಯಂತ್ರ ತರಿಸಿ ಬಾಲ್ಕನಿಯಲ್ಲಿ ಹಾಕಿದೆವು. ಚಳಿಗಾಲದಲ್ಲಿ ಬೆಳಿಗ್ಗೆ ಆರೂವರೆಗೆ ಅದು 128 ಎಂದು ಕಿತ್ತಳೆ ಬಣ್ಣ ತೋರಿಸುತ್ತದೆ. ಅದೇ ಹೊತ್ತಿಗೆ ಹೆಬ್ಬಾಳದ ಸರ್ಕಾರಿ ಕೇಂದ್ರದ್ದು 72, ‘ತೃಪ್ತಿಕರ’. ಮಧ್ಯಾಹ್ನದ ಹೊತ್ತಿಗೆ ಮೆಟ್ರೊ ಕಾಮಗಾರಿಯ ಧೂಳು ಕಾರಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಕೂತಿರುತ್ತದೆ. ಆಗ ಯಂತ್ರ ಹಸಿರು ತೋರಿಸಿ 40 ಎನ್ನುತ್ತದೆ! ಸುಳ್ಳು ಹೇಳುತ್ತಿರುವವರು ಯಾರು, ಸರ್ಕಾರವೋ ಯಂತ್ರವೋ? ದುಡ್ಡು ದಂಡವಾಯಿತೇ?
– ಓದುಗರು, ಆರ್.ಟಿ. ನಗರ

ಉತ್ತರ: ಜಗಳಕ್ಕೆ ಇಳಿಯುವ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಯಂತ್ರದ ಆ್ಯಪ್ ತೋರಿಸುತ್ತಿರುವುದು ಬಹುಶಃ ಅಮೆರಿಕದ ವಾಯು ಗುಣಮಟ್ಟ ಸೂಚ್ಯಂಕ. ಹೊರಗಿನಿಂದ ಬರುವ ಹೆಚ್ಚಿನ ಡಬ್ಬಿಗಳು ಹಾಗೇ ಮಾಡುತ್ತವೆ. ಆ ಪಟ್ಟಿಯಲ್ಲಿ 128 ಎಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 46 ಮೈಕ್ರೋಗ್ರಾಂ ಪಿಎಂ 2.5, ಅಂದರೆ ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣಗಳು. ಹೆಬ್ಬಾಳದ 72 ಭಾರತದ ಪಟ್ಟಿಯದು. ಅದೂ ಪಿಎಂ 2.5ರಿಂದಲೇ ಬಂದದ್ದು ಎಂದುಕೊಂಡರೆ ಸುಮಾರು 43 ಮೈಕ್ರೋಗ್ರಾಂ. 46ಕ್ಕೂ 43ಕ್ಕೂ ಏನು ಜಗಳ? ಒಂದೇ ಸೀರೆಯನ್ನು ಒಬ್ಬರು ಗಜದಲ್ಲಿ, ಇನ್ನೊಬ್ಬರು ಮೀಟರಿನಲ್ಲಿ ಅಳೆದ ಹಾಗಾಯಿತು. ಅಮೆರಿಕದವರು 35 ಮೈಕ್ರೋಗ್ರಾಂ ದಾಟಿದೊಡನೆ ಕಿತ್ತಳೆ ಬಣ್ಣ ತೋರಿಸುತ್ತಾರೆ. ನಾವು 60ರವರೆಗೂ ‘ತೃಪ್ತಿಕರ’ ಎನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿಕೊಟ್ಟ ದಿನದ ಮಿತಿ 15. ಯಾರಿಗೆ ತೃಪ್ತಿ ಎಂಬ ಪ್ರಶ್ನೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ.

ಆದರೆ ಈ ಹೊಂದಾಣಿಕೆಯನ್ನು ನೋಡಿ ಸಮಾಧಾನ ಪಡಬೇಡಿ. ಅದರಲ್ಲಿ ಅದೃಷ್ಟದ ಪಾಲು ಬಹಳ. ಹೆಬ್ಬಾಳದ್ದು ಹಿಂದಿನ 24 ಗಂಟೆಗಳ ಸರಾಸರಿ, ನಿಮ್ಮದು ಆ ಗಳಿಗೆಯ ಓದು. ಅಲ್ಲದೆ ನಮ್ಮ ಸೂಚ್ಯಂಕದಲ್ಲಿ ಹಲವು ಮಾಲಿನ್ಯಕಾರಕಗಳ ಪೈಕಿ ಯಾವುದು ಕೆಟ್ಟದ್ದೋ ಅದರ ಅಂಕಿಯೇ ಇಡೀ ಕೇಂದ್ರದ ಅಂಕಿಯಾಗುತ್ತದೆ. ಆ ದಿನದ 72 ದೊಡ್ಡ ಧೂಳಿನದ್ದು, ಅಂದರೆ ಪಿಎಂ 10ರದ್ದು, ಆಗಿದ್ದರೂ ಆಶ್ಚರ್ಯವಿಲ್ಲ. ಆದ್ದರಿಂದ ಮೊದಲು ಆ್ಯಪಿನ ಸೆಟ್ಟಿಂಗಿಗೆ ಹೋಗಿ ಸೂಚ್ಯಂಕವನ್ನು ತೆಗೆದು ಮೈಕ್ರೋಗ್ರಾಂ ಹಾಕಿಕೊಳ್ಳಿ. ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪಿನಲ್ಲೂ ಪಿಎಂ 2.5 ಒಂದನ್ನೇ ನೋಡಿ. ಬಣ್ಣಗಳನ್ನು ಮರೆತುಬಿಡಿ.

ಈಗ ಡಬ್ಬಿಯ ಒಳಗೆ ಇಣುಕೋಣ. ಹಳೆಯ ಹೆಂಚಿನ ಮನೆಗಳಲ್ಲಿ ಗಾಜಿನ ಹೆಂಚಿನಿಂದ ನಡುಮನೆಗೆ ಬಿಸಿಲುಕೋಲು ಇಳಿಯುತ್ತಿತ್ತಲ್ಲ, ಅದರೊಳಗೆ ಧೂಳಿನ ಕಣಗಳು ಕುಣಿಯುತ್ತಿದ್ದವು. ಹಾಗೆ ಕಾಣುವ ಕಣಕ್ಕೆ ನಮ್ಮ ಶಾಸ್ತ್ರಕಾರರು ತ್ರಸರೇಣು ಎಂದು ಹೆಸರಿಟ್ಟಿದ್ದರು. ನಿಮ್ಮ ಡಬ್ಬಿಯಲ್ಲಿ ಇರುವುದು ಅದೇ ಬಿಸಿಲುಕೋಲು. ಸೂರ್ಯನ ಬದಲು ಒಂದು ಸಣ್ಣ ಲೇಸರ್, ಗಾಳಿ ಎಳೆಯಲು ಹೆಬ್ಬೆರಳು ಗಾತ್ರದ ಫ್ಯಾನು, ನಿಮ್ಮ ಕಣ್ಣಿನ ಬದಲು ಬೆಳಕನ್ನು ಗ್ರಹಿಸುವ ಚಿಪ್. ಕಣ ಬಂದಾಗ ಬೆಳಕು ಚದುರುತ್ತದೆ, ಚದುರಿದ್ದು ಎಷ್ಟು ಎಂದು ನೋಡಿ ಯಂತ್ರ ತೂಕವನ್ನು ಊಹಿಸುತ್ತದೆ. ಬೆಳಕಿನ ಚದುರುವಿಕೆ ಎಂದೊಡನೆ ಮೇಖ್ರಿ ವೃತ್ತದ ಬಳಿಯ ರಾಮನ್ ಸಂಶೋಧನಾ ಸಂಸ್ಥೆ ನೆನಪಾಗುವುದು ಸಹಜ. ಆದರೆ ಇಲ್ಲಿ ನಡೆಯುವುದು ರಾಮನ್ ಪರಿಣಾಮವಲ್ಲ. ಬೆಳಕು ತನ್ನ ಬಣ್ಣ ಬದಲಿಸದೆ ಚದುರುವ ಸಾಧಾರಣ ವ್ಯವಹಾರ ಇದು. ಅದರ ಗಣಿತವನ್ನು 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ ಬರೆದಿಟ್ಟಿದ್ದಾರೆ.

‘ಊಹಿಸುತ್ತದೆ’ ಎಂಬ ಮಾತನ್ನು ಬೇಕೆಂದೇ ಬರೆದೆ. ಯಶವಂತಪುರದ ಯಾರ್ಡಿನಲ್ಲಿ ಹಳೆಯ ಹಮಾಲರು ಈರುಳ್ಳಿ ಮೂಟೆಯನ್ನು ಕಣ್ಣಲ್ಲೇ ಅಳೆದು ಇಷ್ಟು ಕೆ.ಜಿ. ಎನ್ನುತ್ತಾರೆ. ಬಹಳ ಸಲ ಸರಿಯಾಗಿಯೇ ಇರುತ್ತದೆ. ಆದರೆ ಅದು ಕಣ್ಣಳತೆ. ಮೂಟೆ ಮಳೆಯಲ್ಲಿ ನೆಂದಿದ್ದರೆ, ಒಳಗೆ ಈರುಳ್ಳಿಯ ಬದಲು ಹತ್ತಿ ಇದ್ದರೆ ಲೆಕ್ಕ ತಪ್ಪುತ್ತದೆ. ಹೆಬ್ಬಾಳದ ಕೇಂದ್ರದಂಥ ಕಡೆ ಇರುವುದು ತಕ್ಕಡಿ. ಅಲ್ಲಿ ಗಾಳಿಯನ್ನು ಒಂದು ಫಿಲ್ಟರ್ ಪಟ್ಟಿಯ ಮೂಲಕ ಎಳೆದು, ಅದರ ಮೇಲೆ ಕೂತ ಕಣಗಳ ಮೂಲಕ ಬೀಟಾ ಕಿರಣ ಹಾಯಿಸುತ್ತಾರೆ. ಕಣಗಳ ರಾಶಿ ಹೆಚ್ಚಿದಷ್ಟೂ ಆಚೆ ಬರುವ ಕಿರಣ ಕಡಿಮೆ. ಕಣ ಕಪ್ಪೋ ಬಿಳಿಯೋ, ದುಂಡೋ ಚೂಪೋ ಎಂಬುದು ಅದಕ್ಕೆ ಮುಖ್ಯವಲ್ಲ. ಒಳಗೆ ಬರುವ ಗಾಳಿಯನ್ನು ಬೆಚ್ಚಗೆ ಮಾಡಿ ತೇವ ಆರಿಸುವ ವ್ಯವಸ್ಥೆಯೂ ಇರುತ್ತದೆ. ಅನಿಲಗಳನ್ನೂ ಅಳೆಯುವ ಇಂಥ ಪೂರ್ತಿ ಕೇಂದ್ರವೆಂದರೆ ಕೋಟಿ ರೂಪಾಯಿಯ ಮಾತು. ನಿಮ್ಮ ಡಬ್ಬಿಯ ಹೃದಯವಾದ ಸೆನ್ಸರ್ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎರಡು–ಮೂರು ಸಾವಿರಕ್ಕೆ ಸಿಕ್ಕೀತು.

ನೆಂದ ಮೂಟೆಯ ಮಾತು ಸುಮ್ಮನೆ ಬರಲಿಲ್ಲ. ನಿಮ್ಮ ಬೆಳಗಿನ ಆರೂವರೆಯ ಗುಟ್ಟು ಅಲ್ಲೇ ಇದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ಕಂಡಿದ್ದೀರಿ. ಗಾಳಿಯಲ್ಲಿ ತೇಲುವ ಸಣ್ಣ ಕಣಗಳಲ್ಲಿ ಸಲ್ಫೇಟ್, ನೈಟ್ರೇಟ್‌ನಂಥ ಲವಣಗಳ ಪಾಲು ಸಾಕಷ್ಟಿದೆ. ಗಾಳಿಯ ತೇವ ಶೇ 80 ದಾಟಿತೆಂದರೆ ಅವೂ ನೀರು ಕುಡಿದು ಉಬ್ಬುತ್ತವೆ. ಉಬ್ಬಿದ ಕಣ ಹೆಚ್ಚು ಬೆಳಕು ಚದುರಿಸುತ್ತದೆ. ಪಾಪದ ಡಬ್ಬಿ ನೀರನ್ನೂ ಮಾಲಿನ್ಯದ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಹಾಗೆಂದು ಆ 46 ಪೂರ್ತಿ ನೀರಲ್ಲ. ಚಳಿಗಾಲದ ರಾತ್ರಿ ನೆಲದ ಮೇಲಿನ ಗಾಳಿ ತಣ್ಣಗಾಗಿ, ಮೇಲಿನ ಬೆಚ್ಚನೆಯ ಗಾಳಿ ಅದರ ಮೇಲೆ ಇಡ್ಲಿ ಪಾತ್ರೆಯ ಮುಚ್ಚಳದಂತೆ ಕೂರುತ್ತದೆ. ರಾತ್ರಿಯ ಲಾರಿಗಳ ಹೊಗೆ, ಕಾವಲುಗಾರರು ಚಳಿಗೆ ಹಾಕಿಕೊಂಡ ತರಗೆಲೆಯ ಬೆಂಕಿ, ನೀರೊಲೆಯ ಹೊಗೆ ಎಲ್ಲ ಆ ಮುಚ್ಚಳದಡಿಯಲ್ಲಿ ಸೇರಿಕೊಳ್ಳುತ್ತವೆ. ಬಿಸಿಲೇರಿ ಒಂಬತ್ತು–ಹತ್ತು ಗಂಟೆಗೆ ಮುಚ್ಚಳ ತೆರೆದುಕೊಂಡಾಗ ಅಂಕಿ ಇಳಿಯುತ್ತದೆ. ತೇವವೂ ಅದೇ ಹೊತ್ತಿಗೆ ಇಳಿಯುವುದರಿಂದ ಯಾವುದರ ಪಾಲು ಎಷ್ಟು ಎಂದು ಬರೀ ಡಬ್ಬಿ ನೋಡಿ ಹೇಳಲಾಗದು.

ಇನ್ನು ಧೂಳಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದೇ. ಉತ್ತರ ಬೆಂಗಳೂರಿನವರಿಗೆ ಇದು ಬಹಳ ಮುಖ್ಯವೂ ಹೌದು. ಹೆಬ್ಬಾಳ, ಜಕ್ಕೂರು, ಯಲಹಂಕದ ಉದ್ದಕ್ಕೂ ವಿಮಾನ ನಿಲ್ದಾಣದ ಮೆಟ್ರೊ ಮಾರ್ಗದ ಕೆಲಸ ನಡೆದಿರುವಾಗ ನಮ್ಮ ಕಣ್ಣಿಗೆ, ಬಟ್ಟೆಗೆ, ತುಳಸಿಕಟ್ಟೆಗೆ ಬಡಿಯುವುದು ಧೂಳು. ಅದನ್ನು ಈ ಡಬ್ಬಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ.

ಯಾಕೆ? ಹತ್ತು ಮೈಕ್ರಾನಿನ ಒಂದು ಕಣದ ತೂಕ ಒಂದು ಮೈಕ್ರಾನಿನ ಸಾವಿರ ಕಣಗಳಿಗೆ ಸಮ. ಆದರೆ ಬೆಳಕಿಗೆ ಅಡ್ಡ ನಿಲ್ಲುವ ಅದರ ಮೈ ನೂರು ಕಣಗಳಷ್ಟೇ. ಒಂದು ಬೂದುಗುಂಬಳಕಾಯಿ ಅಂಗಳದಲ್ಲಿ ಬೀಳಿಸುವ ನೆರಳನ್ನೂ, ಅಷ್ಟೇ ತೂಕದ ನಿಂಬೆಹಣ್ಣುಗಳನ್ನು ಹರವಿದಾಗ ಬೀಳುವ ನೆರಳನ್ನೂ ಹೋಲಿಸಿ ನೋಡಿ. ತೂಕ ಒಂದೇ, ನೆರಳು ಬೇರೆ. ಬೆಳಕು ನೋಡಿ ತೂಕ ಹೇಳುವ ಯಂತ್ರ ಅಲ್ಲೇ ಸೋಲುತ್ತದೆ. ಸಾಲದ್ದಕ್ಕೆ ಆ ಪುಟಾಣಿ ಫ್ಯಾನಿಗೆ ಭಾರದ ಕಣಗಳನ್ನು ತಿರುವುಗಳಲ್ಲಿ ಎಳೆದು ತರುವ ಶಕ್ತಿ ಇಲ್ಲ. ಲೇಸರ್ ತನಕ ಬರುವ ಮೊದಲೇ ಅವು ಎಲ್ಲೋ ಬಿದ್ದಿರುತ್ತವೆ. ಫಿನ್ಲೆಂಡಿನ ಹವಾಮಾನ ಸಂಸ್ಥೆಯ ಜೋಯಲ್ ಕೂಲಾ ಮತ್ತು ಸಂಗಡಿಗರು ಗಾತ್ರ ಗಾತ್ರದ ಕಣಗಳನ್ನು ಬೇರೆಬೇರೆಯಾಗಿ ತಯಾರಿಸಿ ಇಂಥ ಅಗ್ಗದ ಸೆನ್ಸರ್‌ಗಳಿಗೆ ಉಣಿಸಿ ನೋಡಿ 2020ರಲ್ಲಿ ಪ್ರಕಟಿಸಿದರು. ದೊಡ್ಡ ಕಣಗಳನ್ನು ಇವು ಅಳೆಯುವುದಿಲ್ಲ ಎಂಬುದು ಅಲ್ಲಿ ನಿಚ್ಚಳವಾಯಿತು. ನಿಮ್ಮ ಡಬ್ಬಿಯಲ್ಲಿ ಪಿಎಂ 10 ಎಂದು ಇನ್ನೊಂದು ಅಂಕಿ ಬರುತ್ತದಲ್ಲ, ಅದು ಅಳೆದದ್ದಲ್ಲ. ಸಣ್ಣ ಕಣಗಳನ್ನು ನೋಡಿ ದೊಡ್ಡವೂ ಇಷ್ಟಿರಬಹುದು ಎಂದು ಹಾಕಿದ ಅಂದಾಜು. ಅದನ್ನು ಹಿಡಿದುಕೊಂಡು ಕಾಮಗಾರಿಯವರ ಮೇಲೆ ದೂರು ಕೊಡಲು ಹೋಗಬೇಡಿ, ಎದುರಿನವರಿಗೆ ಸ್ವಲ್ಪ ವಿಷಯ ಗೊತ್ತಿದ್ದರೂ ನೀವು ಸೋಲುತ್ತೀರಿ. ಧೂಳಿನ ದೂರಿಗೆ ಹೆಬ್ಬಾಳದ ಕೇಂದ್ರದ ಪಿಎಂ 10 ಅಂಕಿಯೂ ನಿಮ್ಮ ಕಾರಿನ ಬಾನೆಟ್ಟಿನ ಫೋಟೊವೂ ಹೆಚ್ಚು ಗಟ್ಟಿ.

ಇತ್ತ ತೀರ ಸಣ್ಣ ಕಣಗಳ ಕಡೆಯೂ ಇದಕ್ಕೆ ಮಂದದೃಷ್ಟಿ. ಸುಮಾರು 0.3 ಮೈಕ್ರಾನ್‌ಗಿಂತ ಕೆಳಗಿನವು ಸರಿಯಾಗಿ ಲೆಕ್ಕಕ್ಕೆ ಸಿಗವು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಲಾರಿ ಆಗತಾನೆ ಉಗುಳಿದ ಡೀಸೆಲ್ ಮಸಿ ಬಹುಪಾಲು ಅದಕ್ಕಿಂತ ಸಣ್ಣದು. ಒಟ್ಟಿನಲ್ಲಿ ಮಧ್ಯದ ಗಾತ್ರದ ಹೊಗೆಯೇ ಈ ಯಂತ್ರದ ಹದವಾದ ಬೇಟೆ: ಕಸ ಸುಟ್ಟದ್ದು, ಸೌದೆಯದ್ದು, ಪಟಾಕಿಯದ್ದು, ಗಾಳಿಯಲ್ಲಿ ದಿನಗಟ್ಟಲೆ ತೇಲಿ ಹದಗೊಂಡ ಮಬ್ಬು. ಕಣ್ಣಿಗೆ ಹೆಚ್ಚು ಕಾಣದ, ಆದರೆ ಶ್ವಾಸಕೋಶದ ಆಳಕ್ಕೆ ಇಳಿಯುವ ಪದಾರ್ಥ ಇದು. ವೀಸಿಂಗ್ ಇರುವ ಮಗುವಿರುವ ಮನೆಯಲ್ಲಿ ತಿಳಿದುಕೊಳ್ಳಬೇಕಾದದ್ದೂ ಇದೇ. ಆ ಮಟ್ಟಿಗೆ ದುಡ್ಡು ದಂಡವಾಗಿಲ್ಲ.

ಹಾಗಾದರೆ ಅಂಕಿಯನ್ನು ಎಷ್ಟು ನಂಬಬಹುದು? ಇದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ. ಹೆಬ್ಬಾಳಕ್ಕೂ ಯಶವಂತಪುರಕ್ಕೂ ನಡುವೆ, ನಾಗಶೆಟ್ಟಿಹಳ್ಳಿಯಲ್ಲಿ, ವಿಜ್ಞಾನ–ತಂತ್ರಜ್ಞಾನ ನೀತಿಗಳ ಅಧ್ಯಯನ ಮಾಡುವ ಸಿ-ಸ್ಟೆಪ್ ಎಂಬ ಸಂಸ್ಥೆ ಇದೆ. ಪರ್ಪಲ್‌ಏರ್ ಎಂಬ ಹೆಸರಿನ ಅಗ್ಗದ ಡಬ್ಬಿಗಳನ್ನು ದೆಹಲಿ, ಉತ್ತರಪ್ರದೇಶದ ಹಳ್ಳಿಗಾಡಾದ ಹಮೀರ್‌ಪುರ, ನಮ್ಮ ಬೆಂಗಳೂರು ಹೀಗೆ ಮೂರು ಕಡೆ ಬೀಟಾ ತಕ್ಕಡಿಗಳ ಪಕ್ಕದಲ್ಲೇ ದೀರ್ಘಕಾಲ ಇಟ್ಟು ಹೋಲಿಸಿದ ಅಧ್ಯಯನವೊಂದರಲ್ಲಿ ಇಲ್ಲಿನವರೂ ಪಾಲ್ಗೊಂಡಿದ್ದರು. ಮಾರ್ಕ್ ಕ್ಯಾಂಪ್‌ಮಿಯರ್, ಜೋಶುವಾ ಆಪ್ಟೆ ಮೊದಲಾದವರ ಈ ಪ್ರಬಂಧ 2023ರಲ್ಲಿ ಬಂತು. ಡಬ್ಬಿ ಹೇಳಿದ್ದನ್ನು ಹಾಗೇ ತೆಗೆದುಕೊಂಡರೆ ತಪ್ಪು ಶೇ 40 ಅಥವಾ ಅದಕ್ಕೂ ಮೇಲೆ. ತಕ್ಕಡಿಗೆ ಹೋಲಿಸಿ ತಿದ್ದಿಕೊಂಡರೆ ಅದೇ ಡಬ್ಬಿಯ ತಪ್ಪು ಶೇ 20ರಿಂದ 30ಕ್ಕೆ ಇಳಿಯುತ್ತದೆ. ಏರಿಳಿತಗಳಂತೂ ಚೆನ್ನಾಗಿಯೇ ತಾಳೆಯಾಗುತ್ತವೆ.

ಅದೇ ಪ್ರಬಂಧದ ಇನ್ನೆರಡು ಮಾತುಗಳನ್ನು ನಾನು ಹೆಚ್ಚು ಬೆಲೆಯವು ಎಂದುಕೊಳ್ಳುತ್ತೇನೆ. ಮೂರು ಊರಿಗೂ ಒಂದೇ ತಿದ್ದುಪಡಿ ಸೂತ್ರ ಒಗ್ಗಲಿಲ್ಲ, ಗಾಳಿಯಲ್ಲಿ ತೇಲುವ ಪದಾರ್ಥವೇ ಊರೂರಿಗೆ ಬೇರೆ. ಒಂದು ಕಾಲದಲ್ಲಿ ಸ್ವಲ್ಪ ದಿನ ಮಾಡಿದ ತಿದ್ದುಪಡಿ ಇನ್ನೊಂದು ಕಾಲಕ್ಕೆ ನಂಬಿಕೆಗೆ ಅರ್ಹವಾಗಿ ಉಳಿಯಲಿಲ್ಲ. ಈರುಳ್ಳಿಯಲ್ಲಿ ಪಳಗಿದ ಕಣ್ಣು ಹತ್ತಿಯನ್ನು ತೂಗಲಾರದು ಎಂದೆನಲ್ಲ, ಅದೇ.

ಪರ್ಪಲ್‌ಏರ್ ಹುಟ್ಟಿದ ಕಥೆಯೂ ಒಂದು ಬಾಲ್ಕನಿಯ ಕಥೆಯಂಥದ್ದೇ. ಅಮೆರಿಕದ ಯೂಟಾದಲ್ಲಿ ಏಡ್ರಿಯನ್ ಡಿಬ್‌ವಾಡ್ ಎಂಬವರು ಮನೆಯ ಹತ್ತಿರದ ಜಲ್ಲಿ ಗಣಿಯ ಧೂಳಿನಿಂದ ಬೇಸತ್ತು 2015ರ ಸುಮಾರಿಗೆ ಶುರುಮಾಡಿದ್ದು. ಧೂಳಿನ ಮೇಲಿನ ಸಿಟ್ಟಿಗೆ ಹುಟ್ಟಿದ ಯಂತ್ರ ಧೂಳಿಗಿಂತ ಹೊಗೆಯನ್ನೇ ಚೆನ್ನಾಗಿ ಕಾಣುವುದು ಒಂದು ತಮಾಷೆ. ಅದೇ ವರ್ಷ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲೂ ಊರವರೇ ಸೇರಿ ಪ್ಲಾಸ್ಟಿಕ್ ಪೈಪಿನ ಬಾಗಿನೊಳಗೆ ಸೆನ್ಸರ್ ಕೂರಿಸಿ ಜಾಲ ಕಟ್ಟತೊಡಗಿದರು. ಈಗ ಅದು ದೇಶದೇಶಗಳಿಗೆ ಹಬ್ಬಿದೆ. ನಮ್ಮಲ್ಲಿ ಐಐಟಿ ಕಾನ್ಪುರದ ಸಚ್ಚಿದಾನಂದ ತ್ರಿಪಾಠಿಯವರು ಇಂಥ ಸೆನ್ಸರ್‌ಗಳ ದೊಡ್ಡ ಜಾಲ ಹರಡಿದ್ದಕ್ಕೆ 2023ರ ಇನ್ಫೊಸಿಸ್ ಪ್ರಶಸ್ತಿ ಬಂತು. ಅಗ್ಗದ ಡಬ್ಬಿ ಎಂದು ಮೂಗು ಮುರಿಯುವ ಕಾಲ ಮುಗಿದಿದೆ. ತಿದ್ದದ ಅಂಕಿಗೆ ಮೂಗು ಮುರಿಯುವ ಕಾಲ ಮುಗಿದಿಲ್ಲ.

ಅಮೆರಿಕದ ಪರಿಸರ ಸಂಸ್ಥೆ ಪರ್ಪಲ್‌ಏರ್‌ಗೆ ಕೊಟ್ಟ ಸರಳ ಸೂತ್ರವೊಂದಿದೆ: ಡಬ್ಬಿಯ ಅಂಕಿಯನ್ನು 0.524ರಿಂದ ಗುಣಿಸಿ, ತೇವಾಂಶದ ಶೇಕಡಾವನ್ನು 0.0862ರಿಂದ ಗುಣಿಸಿ ಕಳೆದು, 5.75 ಕೂಡಿಸಬೇಕು. ತೇವ ಶೇ 90 ಇರುವ ಮುಂಜಾನೆ ಡಬ್ಬಿ 46 ಎಂದರೆ ಉತ್ತರ ಸುಮಾರು 22. ಅರ್ಧಕ್ಕಿಂತ ಕಡಿಮೆ! ಇದು ಅಲ್ಲಿನ ಗಾಳಿಯಲ್ಲಿ ಕಟ್ಟಿದ ಸೂತ್ರ, ಇಲ್ಲಿಗೆ ಹಾಗೇ ಹೊಂದಬೇಕೆಂದಿಲ್ಲ. ತಿದ್ದುಪಡಿ ಎಂಬುದು ದಶಾಂಶದ ಚಿಲ್ಲರೆ ವ್ಯವಹಾರವಲ್ಲ, ಅಂಕಿಯನ್ನೇ ಅರ್ಧ ಮಾಡಬಲ್ಲದು ಎಂದು ತೋರಿಸಲು ಹೇಳಿದೆ.

ನಿಮ್ಮದೇ ಸೂತ್ರವನ್ನು ನೀವೇ ಕಟ್ಟಿಕೊಳ್ಳಬಹುದು, ಮಗನಿಗೂ ಒಳ್ಳೆಯ ಗಣಿತದ ಪಾಠ. ಒಂದು ನೋಟ್‌ಬುಕ್ಕಿನಲ್ಲಿ ಮೂವತ್ತು ದಿನ ಡಬ್ಬಿಯ 24 ಗಂಟೆಗಳ ಸರಾಸರಿಯನ್ನೂ ಹೆಬ್ಬಾಳದ ಪಿಎಂ 2.5ರ 24 ಗಂಟೆಗಳ ಸರಾಸರಿಯನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಗ್ರಾಫ್ ಹಾಳೆಯಲ್ಲಿ ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಹಾಕಿ ಚುಕ್ಕಿ ಇಟ್ಟು, ಅವುಗಳ ನಡುವೆ ಸ್ಕೇಲಿನಿಂದ ಒಂದು ಗೆರೆ ಎಳೆಯಿರಿ. ಇನ್ನುಮುಂದೆ ಡಬ್ಬಿಯ ಅಂಕಿಯನ್ನು ಆ ಗೆರೆಯ ಮೂಲಕ ಓದಿ. ಆರ್.ಟಿ. ನಗರಕ್ಕೂ ಹೆಬ್ಬಾಳಕ್ಕೂ ಕೆಲವು ಕಿಲೋಮೀಟರ್ ಅಂತರ ಇರುವುದರಿಂದ ಇದು ಪಕ್ಕದಲ್ಲಿಟ್ಟು ಹೋಲಿಸಿದಷ್ಟು ಚೊಕ್ಕ ಅಲ್ಲ. ಆದರೆ ರಾತ್ರಿ ಎರಡರಿಂದ ನಾಲ್ಕರವರೆಗೆ ವಾಹನ ಕಡಿಮೆಯಾಗಿ ಬಡಾವಣೆ ಬಡಾವಣೆಗಳ ನಡುವಿನ ವ್ಯತ್ಯಾಸ ಅಳಿಯುತ್ತದೆ. ಆ ಹೊತ್ತಿನ ಅಂಕಿಗಳನ್ನಷ್ಟೇ ಬೇರೆಯಾಗಿ ಹೋಲಿಸಿ ನೋಡುವುದು ಸಂಶೋಧಕರೂ ಮಾಡುವ ಉಪಾಯ. ಗೆರೆಯನ್ನು ಮಳೆಗಾಲದಲ್ಲಿ ಅಳಿಸಿ ಮತ್ತೆ ಎಳೆಯಬೇಕು.

ಡಬ್ಬಿಯನ್ನು ಹಾಕಿದ ಜಾಗವನ್ನೂ ಒಮ್ಮೆ ನೋಡಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಬಾಲ್ಕನಿಗೆ ತೆರೆದುಕೊಂಡಿದ್ದರೆ ನೀವು ಅಳೆಯುತ್ತಿರುವುದು ಆರ್.ಟಿ. ನಗರವನ್ನಲ್ಲ, ನಿಮ್ಮ ಮನೆಯ ಒಗ್ಗರಣೆಯನ್ನು. ಒಣಮೆಣಸಿನಕಾಯಿ ಸಿಡಿದ ಗಳಿಗೆಯಲ್ಲಿ ಅಂಕಿ ನೂರು ದಾಟಿದರೆ ಗಾಬರಿಯಾಗಬೇಡಿ. ಊದುಬತ್ತಿ, ಎ.ಸಿ.ಯ ಬಿಸಿಗಾಳಿ, ನೇರ ಬಿಸಿಲು ಎಲ್ಲದರಿಂದ ದೂರ, ಗಾಳಿ ಆಡುವ ನೆರಳಿನಲ್ಲಿರಲಿ. ಯಲಹಂಕದ ನಮ್ಮ ಮನೆಯ ಡಬ್ಬಿ ಒಮ್ಮೆ ಎರಡು ವಾರ 300ರ ಮೇಲೇ ನಿಂತಿತ್ತು. ಊರೇ ಹಾಳಾಯಿತೆಂದು ನಾನು ನಾಲ್ಕು ಜನರಿಗೆ ಹೇಳಿಯೂ ಆಗಿತ್ತು. ಬಿಚ್ಚಿ ನೋಡಿದರೆ ಒಳಗೆ ಜೇಡ ಸಂಸಾರ ಹೂಡಿತ್ತು. ಪರ್ಪಲ್‌ಏರ್‌ನವರು ಒಂದೇ ಡಬ್ಬಿಯಲ್ಲಿ ಎರಡು ಸೆನ್ಸರ್ ಇಡುವುದು ಇದಕ್ಕೇ: ಎರಡೂ ಒಂದೇ ಮಾತು ಹೇಳದಿದ್ದರೆ ಒಂದು ಕೆಟ್ಟಿದೆ ಎಂದು ಅರ್ಥ. ಇನ್ನೊಂದು, ಈ ಲೇಸರ್‌ಗೂ ಆಯಸ್ಸು ಇದೆ. ಹವ್ಯಾಸಿಗಳು ಹೆಚ್ಚು ಬಳಸುವ ಎಸ್‌ಡಿಎಸ್ 011 ಎಂಬ ಸೆನ್ಸರಿಗೆ ತಯಾರಕರು ಹೇಳುವ ಆಯಸ್ಸು 8,000 ಗಂಟೆ. ಬಿಡದೆ ಓಡಿಸಿದರೆ ಒಂದು ವರ್ಷವೂ ಬಾರದು. ಕೆಲವು ನಿಮಿಷಕ್ಕೊಮ್ಮೆ ಎದ್ದು ಅಳೆದು ಮಲಗುವಂತೆ ಸೆಟ್ಟಿಂಗ್ ಇದ್ದರೆ ಹಾಗೆ ಮಾಡಿ.

ಇಷ್ಟೆಲ್ಲ ಕೊರತೆಯ ಡಬ್ಬಿಯಿಂದ ಆಗುವ ಉಪಕಾರ ಏನೆಂದು ಕೇಳಿದರೆ, ಅದು ಅಂಕಿಗಿಂತ ಗಡಿಯಾರವನ್ನು ಚೆನ್ನಾಗಿ ಹೇಳುತ್ತದೆ. ಬೆಂಗಳೂರಿನಷ್ಟು ದೊಡ್ಡ ಊರಿಗೆ ನಿರಂತರವಾಗಿ ಅಳೆಯುವ ಸರ್ಕಾರಿ ಕೇಂದ್ರಗಳು ಬೆರಳೆಣಿಕೆಯಷ್ಟು, ನಿಮ್ಮ ಭಾಗಕ್ಕೆ ಹೆಬ್ಬಾಳದ್ದೊಂದೇ ಹತ್ತಿರ. ನಿಮ್ಮ ಹಿಂದಿನ ಖಾಲಿ ಸೈಟಿನಲ್ಲಿ ಯಾರೋ ಕಸಕ್ಕೆ ಬೆಂಕಿ ಇಟ್ಟದ್ದು ಅಲ್ಲಿಗೆ ಎಂದೂ ಕಾಣುವುದಿಲ್ಲ. ನಿಮ್ಮ ಡಬ್ಬಿಗೆ ಕಾಣುತ್ತದೆ. ಪ್ರತಿದಿನ ಸಂಜೆ ಏಳೂಕಾಲಿಗೆ ಅಂಕಿ ಸರ್ರನೆ ಏರಿ ಎಂಟಕ್ಕೆ ಇಳಿಯುತ್ತಿದ್ದರೆ, ಆ ಅಂಕಿ 90ಓ 60ಓ ಎಂಬುದು ಮುಖ್ಯವಲ್ಲ. ಏಳೂಕಾಲಿಗೆ ಟೆರೇಸಿಗೆ ಹೋಗಿ ನೋಡಿದರೆ ಹೊಗೆ ಎಲ್ಲಿಂದ ಏಳುತ್ತಿದೆ ಎಂದು ತಿಳಿದೀತು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದ ಕಸದ ಮೊಕದ್ದಮೆ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಕಸವನ್ನು ಬಯಲಲ್ಲಿ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಎಂದು ಮಂಡಳಿ 2016ರ ಡಿಸೆಂಬರಿನಲ್ಲಿ ಆದೇಶಿಸಿದ್ದು ಆ ಮೊಕದ್ದಮೆಯಲ್ಲೇ. ದೂರು ಕೊಡುವಾಗ ಡಬ್ಬಿಯ ಅಂಕಿಯನ್ನು ಮುಂದೆ ಮಾಡಬೇಡಿ. ದಿನಾಂಕ, ಗಂಟೆ, ಜಾಗ, ಫೋಟೊ ಕೊಡಿ. ಯಾವ ಗಂಟೆಗೆ ಕ್ಯಾಮೆರಾ ಹಿಡಿಯಬೇಕೆಂದು ಹೇಳಿದ್ದು ಡಬ್ಬಿ ಎಂಬುದು ನಿಮ್ಮಲ್ಲೇ ಇರಲಿ.

ಮಗನ ಮಾತಿಗೆ ಬರುತ್ತೇನೆ. ಔಷಧಿಯ ವಿಷಯವನ್ನು ಡಾಕ್ಟರ ಹತ್ತಿರವೇ ಮಾತಾಡಬೇಕು, ಯಂತ್ರದ ಅಂಕಿ ನೋಡಿ ಪಫ್ ಹೆಚ್ಚುಕಡಿಮೆ ಮಾಡಬಾರದು. ಆದರೆ ಬೆಳಗಿನ 46ನ್ನು ಎಷ್ಟೇ ತಿದ್ದಿ 22ಕ್ಕೆ ಇಳಿಸಿದರೂ ಅದು ವಿಶ್ವ ಆರೋಗ್ಯ ಸಂಸ್ಥೆಯ 15ಕ್ಕಿಂತ ಮೇಲೆಯೇ ಇದೆ. ಚಳಿಗಾಲದಲ್ಲಿ ಅವನ ಬ್ಯಾಡ್ಮಿಂಟನ್ನನ್ನು ಬೆಳಿಗ್ಗೆ ಆರೂವರೆಯಿಂದ ಸಂಜೆ ನಾಲ್ಕಕ್ಕೆ ಬದಲಾಯಿಸಲು ಅಷ್ಟು ಸಾಕ್ಷಿ ಸಾಕು. ಮನೆ ಮುಂದಿನ ರಸ್ತೆಯಲ್ಲಿ ಧೂಳು ಎದ್ದಿರುವ ದಿನ ಮಾತ್ರ ಡಬ್ಬಿಯ ಹಸಿರು ದೀಪವನ್ನು ಕೇಳಬೇಡಿ, ಕಿಟಕಿ ಮುಚ್ಚಿ.

ಮೂವತ್ತು ದಿನದ ನೋಟ್‌ಬುಕ್ಕು ತುಂಬಿದ ಮೇಲೆ ಆ ಗ್ರಾಫ್ ಹಾಳೆಯ ಫೋಟೊ ಕಳಿಸಿ. ಯಲಹಂಕದ ನಮ್ಮ ಗೆರೆಯ ಪಕ್ಕದಲ್ಲಿಟ್ಟು ನೋಡೋಣ.